11 ಗಂಟೆ ಲೇಓವರ್: ಊರು ನೋಡೋಣವಾ, ಮಲಗೋಣವಾ?

ಹೊಸ ಚೀಲ
ನಾನು ಮತ್ತು ಅಮ್ಮ ಟೊರೊಂಟೊಗೆ ಹೊರಟಿದ್ದೇವೆ. ಅಮ್ಮನಿಗೆ 67. ಚೆನ್ನಾಗಿಯೇ ನಡೆಯುತ್ತಾರೆ, ಆದರೆ ಮೆಟ್ಟಿಲು ಜಾಸ್ತಿಯಾದರೆ ಮಂಡಿ ನೋವು ಶುರು. ಮೂರು ಟಿಕೆಟ್ ನೋಡಿಟ್ಟಿದ್ದೇನೆ, ಬೆಲೆ ಹೆಚ್ಚುಕಡಿಮೆ ಒಂದೇ. ಮಧ್ಯೆ ವಿಮಾನ ಬದಲಿಸಲು ಕಾಯಬೇಕಾದ ಹೊತ್ತು, ಅಂದರೆ ಲೇಓವರ್, ಹೀಗಿದೆ.

ಇಸ್ತಾಂಬುಲ್: ಬೆಳಿಗ್ಗೆ 6ಕ್ಕೆ ಇಳಿದು ಸಂಜೆ 5ಕ್ಕೆ ಹೊರಡುವುದು.
ದೋಹಾ: ರಾತ್ರಿ 11ಕ್ಕೆ ಇಳಿದು ಬೆಳಿಗ್ಗೆ 8ಕ್ಕೆ ಹೊರಡುವುದು.
ಲಂಡನ್ ಹೀಥ್ರೂ: ಮಧ್ಯಾಹ್ನ ಇಳಿದು 7 ಗಂಟೆ ಕಾಯುವುದು.

ಹೊರಗೆ ಹೋಗಿ ಊರು ನೋಡಬೇಕು ಅಂತ ಅಮ್ಮನಿಗೆ ಆಸೆ. ನನಗೆ ವಿಮಾನ ತಪ್ಪಿದರೆ ಅನ್ನೋ ಭಯ. ಯಾವುದನ್ನು ತೆಗೆದುಕೊಳ್ಳಲಿ?

ಕಿಟಕಿ ಸೀಟು
ಟಿಕೆಟ್‌ನಲ್ಲಿರುವ ಗಂಟೆ ಬೇರೆ, ನಿಮ್ಮ ಕೈಗೆ ಸಿಗುವ ಗಂಟೆ ಬೇರೆ. ಇಸ್ತಾಂಬುಲ್ ಲೆಕ್ಕ ಹಾಕಿ ನೋಡೋಣ.

6ಕ್ಕೆ ಚಕ್ರ ನೆಲ ಮುಟ್ಟುತ್ತದೆ. ವಿಮಾನ ಗೇಟಿಗೆ ಬಂದು, ಆ ಉದ್ದದ ಟರ್ಮಿನಲ್ ನಡೆದು, ಇಮಿಗ್ರೇಷನ್ ಸಾಲು ಮುಗಿಸಿ ಹೊರಗೆ ಬರುವಾಗ 7:30 ಅಂದುಕೊಳ್ಳಿ. ಹೊಸ ವಿಮಾನ ನಿಲ್ದಾಣ ಊರಿನಿಂದ ಬಹಳ ದೂರ. ಎಂ11 ಮೆಟ್ರೊ ಹಿಡಿದು ಗೈರೆಟ್ಟೆಪೆಗೆ ಬಂದು, ಅಲ್ಲಿಂದ ಎಂ2ರಲ್ಲಿ ವೆಜ್ನೆಜಿಲೆರ್, ಆಮೇಲೆ ಟಿ1 ಟ್ರಾಮ್‌ನಲ್ಲಿ ಸುಲ್ತಾನಹ್ಮೆತ್. ಒಂದೂವರೆ ಗಂಟೆ ಹಿಡಿಯುತ್ತದೆ ಅಂತಲೇ ಇಟ್ಟುಕೊಳ್ಳಿ. ಅಲ್ಲಿಗೆ 9 ಆಯಿತು. 5ರ ವಿಮಾನಕ್ಕೆ 2ಕ್ಕೆ ವಾಪಸ್ ಬಂದಿರಬೇಕು, ಅಂದರೆ 12:30ಕ್ಕೆ ಅಲ್ಲಿಂದ ಕಾಲು ಕೀಳಬೇಕು. 11 ಗಂಟೆಯಲ್ಲಿ ಉಳಿದಿದ್ದು ಮೂರೂವರೆ.

ಮೂರೂವರೆ ಗಂಟೆ ಕಡಿಮೆಯೇನಲ್ಲ. ಹಾಗಿಯಾ ಸೋಫಿಯಾ, ನೀಲಿ ಮಸೀದಿ, ಬೆಸಿಲಿಕಾ ಸಿಸ್ಟರ್ನ್ ಎಂಬ ನೆಲದಡಿಯ ಹಳೇ ನೀರಿನ ತೊಟ್ಟಿ, ಮೂರೂ ಅಕ್ಕಪಕ್ಕದಲ್ಲೇ ಇವೆ. ಆದರೆ ಅದೇ ಮೂರೂವರೆಯಲ್ಲಿ ಗಲಾಟಾ ಗೋಪುರ, ಬಾಸ್ಫರಸ್ ದೋಣಿ, ಬಜಾರು ಅಂತ ಸೇರಿಸಿದರೆ ಟ್ರಾಮ್‌ನಲ್ಲೇ ದಿನ ಕಳೆಯುತ್ತದೆ. ಒಂದು ಜಾಗ, ಅದರ ಸುತ್ತಮುತ್ತ. ಅಷ್ಟೇ.

ರಾತ್ರಿಪಾಳಿ
ದೋಹಾದಲ್ಲಿ ಮಲಗಿ. ಯೋಚನೆಯೇ ಬೇಡ.

ಹಗಲಾಗಿದ್ದರೆ ನಾನೇ ಹೊರಗೆ ಹೋಗಿ ಅನ್ನುತ್ತಿದ್ದೆ. ಅಲ್ಲಿ ನಿಲ್ದಾಣದಿಂದಲೇ ಮೆಟ್ರೊದ ರೆಡ್ ಲೈನ್ ಹೊರಡುತ್ತದೆ. ಮ್ಶೈರೆಬ್‌ನಲ್ಲಿ ಇಳಿದು ಗೋಲ್ಡ್ ಲೈನ್ ಹಿಡಿದರೆ ಮುಂದಿನ ನಿಲ್ದಾಣವೇ ಸೂಕ್ ವಾಕಿಫ್ ಎಂಬ ಹಳೇ ಮಾರುಕಟ್ಟೆ. ಆದರೆ ನಿಮ್ಮದು ರಾತ್ರಿ. ನೀವು ಹೊರಗೆ ಬರುವಷ್ಟರಲ್ಲಿ ಮೆಟ್ರೊ ನಿಲ್ಲುವ ಹೊತ್ತು, ಮ್ಯೂಸಿಯಂ ಮುಚ್ಚಿರುತ್ತದೆ. ಮುಚ್ಚಿದ ಬಾಗಿಲು ನೋಡಲು 67ರ ಅಮ್ಮನನ್ನು ಕರೆದುಕೊಂಡು ಹೋಗಬೇಕಾ?

ಒಳಗೇ ಹೋಟೆಲ್ ಇದೆ, ಇಮಿಗ್ರೇಷನ್ ದಾಟುವ ಗೋಜಿಲ್ಲ. ಇಂಥ ಹೋಟೆಲ್‌ಗಳಲ್ಲಿ ಕೆಲವು ಗಂಟೆಗಳ ಲೆಕ್ಕದಲ್ಲಿ ರೂಮ್ ಕೊಡುತ್ತವೆ, ಮೊದಲೇ ಬುಕ್ ಮಾಡಿ. ಎದ್ದ ಮೇಲೆ ‘ದಿ ಆರ್ಚರ್ಡ್’ ಅನ್ನುವ ಒಳಾಂಗಣ ತೋಟದಲ್ಲಿ ಕೂತುಕೊಳ್ಳಿ, 2022ರಲ್ಲಿ ತೆರೆದದ್ದು. ಗಾಜಿನ ಮಾಡಿನ ಕೆಳಗೆ ನಿಜವಾದ ಮರಗಳು. ನಿಲ್ದಾಣದೊಳಗಿನ ದೊಡ್ಡ ಹಳದಿ ಕರಡಿಯ ಶಿಲ್ಪದ ಹತ್ತಿರ ಎಲ್ಲರೂ ಫೋಟೊ ತೆಗೆಸಿಕೊಳ್ಳುತ್ತಾರೆ. ಅದು ಉರ್ಸ್ ಫಿಷರ್ ಎಂಬ ಸ್ವಿಸ್ ಕಲಾವಿದನ ಕೆಲಸ, ಸುಮಾರು 7 ಮೀಟರ್ ಎತ್ತರ. ನನಗೆ ಅದು ಅಷ್ಟೇನೂ ಹಿಡಿಸಲಿಲ್ಲ. ಆದರೆ ಯಾರಾದರೂ ತಪ್ಪಿಸಿಕೊಂಡರೆ ಸೇರೋಕೆ ಅದಕ್ಕಿಂತ ಒಳ್ಳೆ ಗುರುತು ಇಲ್ಲ.

ಟಿಕೆಟ್ ಓದುವವ
ಊರು ಆಮೇಲೆ. ಮೊದಲು ಟಿಕೆಟ್ ಓದಿ.

ಎರಡೂ ವಿಮಾನ ಒಂದೇ ಬುಕಿಂಗ್‌ನಲ್ಲಿದ್ದರೆ ಮೊದಲ ವಿಮಾನ ತಡವಾಗಿ ಕೊಂಡಿ ತಪ್ಪಿದಾಗ ಮುಂದಿನದನ್ನು ಹೊಂದಿಸಿಕೊಡುವುದು ವಿಮಾನ ಕಂಪನಿಯ ಕೆಲಸ. ಬೇರೆ ಬೇರೆ ಕೊಂಡಿದ್ದರೆ ನಿಮ್ಮ ಪಾಡು ನಿಮಗೆ. ಲಗೇಜೂ ನೀವೇ ತೆಗೆದುಕೊಂಡು ಮತ್ತೆ ಕೊಡಬೇಕಾಗಬಹುದು, ಅದಕ್ಕಾಗಿ ಇಮಿಗ್ರೇಷನ್ ದಾಟಬೇಕು, ಅದಕ್ಕೆ ವೀಸಾ ಬೇಕು. ಅಗ್ಗದ ಟಿಕೆಟ್ ಅಂತ ಖುಷಿಪಡುವ ಮೊದಲು ಇದನ್ನು ನೋಡಿ. ಊರು ನೋಡಿಕೊಂಡು ಗೇಟಿಗೆ ತಡವಾಗಿ ಬಂದರೆ ಮಾತ್ರ ಒಂದೇ ಬುಕಿಂಗ್ ಆದರೂ ಯಾರೂ ಕಾಪಾಡಲ್ಲ. ಅದು ಅವರ ತಡ ಅಲ್ಲ, ನಿಮ್ಮದು.

ಇಳಿಯುವುದೂ ಹೊರಡುವುದೂ ಒಂದೇ ನಿಲ್ದಾಣದಿಂದಲಾ ಅಂತಲೂ ನೋಡಿ. ಇಸ್ತಾಂಬುಲ್‌ಗೆ ಎರಡಿವೆ. ಇನ್ನೊಂದಾದ ಸಬಿಹಾ ಗೋಕ್ಚೆನ್ ಏಷ್ಯಾ ಬದಿಯಲ್ಲಿದೆ. ಲಂಡನ್‌ನಲ್ಲಿ ಹೀಥ್ರೂ, ಗ್ಯಾಟ್ವಿಕ್. ಟೋಕಿಯೊದಲ್ಲಿ ನರಿತಾ, ಹನೇಡಾ. ನಿಲ್ದಾಣ ಬದಲಿಸಬೇಕಾದರೆ ನಿಮ್ಮ ಲೇಓವರ್ ಊರು ನೋಡುವ ಹೊತ್ತಲ್ಲ, ಬಸ್ಸಿನಲ್ಲಿ ಕೂರುವ ಹೊತ್ತು.

ವೀಸಾ ಪೂರ್ತಿಯಾಗಿ ನಿಮ್ಮ ಪಾಸ್‌ಪೋರ್ಟ್ ಮೇಲೆ. ಪಕ್ಕದ ಸೀಟಿನವರು ಹೋದರು ಅಂತ ನೀವು ಹೋಗಲಾಗದು. ಬ್ರಿಟನ್‌ನಲ್ಲಂತೂ ಹೊರಗೆ ಬರದೆ ವಿಮಾನ ಬದಲಿಸಲಿಕ್ಕೂ ಕೆಲವು ದೇಶದವರಿಗೆ ಟ್ರಾನ್ಸಿಟ್ ವೀಸಾ ಬೇಕು. ಚೆಕ್-ಇನ್ ಕೌಂಟರಿನವರು ನೋಡುವುದು ಟೈಮ್ಯಾಟಿಕ್ ಎಂಬ, ದೇಶದೇಶಗಳ ವೀಸಾ ನಿಯಮಗಳ ದಾಖಲೆ. ಅದರಲ್ಲಿ ಏನಿದೆಯೋ ಅದೇ ಅವರಿಗೆ ಪ್ರಮಾಣ. ವಿಮಾನ ಕಂಪನಿಯ ವೆಬ್‌ಸೈಟ್‌ನಲ್ಲಿ ಪ್ರಯಾಣ ದಾಖಲೆಗಳ ಪುಟ ಇದ್ದರೆ ಅಲ್ಲೇ ನೋಡಿಕೊಳ್ಳಿ.

ಅಲೆಮಾರಿ
ಮಾರಾಯ್ರೇ, ನೀವು ಹೀಗೆ ಹೆದರಿಸಿದರೆ ಯಾರೂ ಹೊರಗೆ ಕಾಲಿಡಲ್ಲ!

ಕೆಲವು ಊರುಗಳಲ್ಲಿ ಇಷ್ಟೊಂದು ಲೆಕ್ಕವೇ ಬೇಡ. ಆಮ್‌ಸ್ಟರ್‌ಡ್ಯಾಮ್‌ನಲ್ಲಿ ರೈಲು ನಿಲ್ದಾಣ ಟರ್ಮಿನಲ್ ಕೆಳಗೇ ಇದೆ, ಕಾಲು ಗಂಟೆ ಚಿಲ್ಲರೆಯಲ್ಲಿ ಊರ ನಡುವೆ ಇಳಿಯುತ್ತೀರಿ. ಜ್ಯೂರಿಕ್ ಅದಕ್ಕಿಂತ ಹತ್ತಿರ. ಕೋಪನ್‌ಹೇಗನ್‌ನಲ್ಲಿ ಮೆಟ್ರೊ, ಫ್ರಾಂಕ್‌ಫರ್ಟ್‌ನಲ್ಲಿ ಎಸ್-ಬಾನ್ ಎಂಬ ಲೋಕಲ್ ರೈಲು, ಎರಡೂ ಕಾಲು ಗಂಟೆಯ ಆಸುಪಾಸು. ಇಲ್ಲಿ 6 ಗಂಟೆ ಸಿಕ್ಕರೂ ನಾನು ಒಳಗೆ ಕೂರಲ್ಲ.

ಇನ್ನು ದೂರದ ನಿಲ್ದಾಣಗಳು. ಅಲ್ಲಿ ಎಲ್ಲರೂ ಮಾಡುವುದು ದೊಡ್ಡ ಊರಿಗೇ ಓಡುವುದು. ಟೋಕಿಯೊದ ನರಿತಾ ತೆಗೆದುಕೊಳ್ಳಿ. ಊರಿನಿಂದ 60 ಕಿ.ಮೀ. ಮೇಲೆ. 7 ಗಂಟೆ ಹಿಡಿದುಕೊಂಡು ಊರ ನಡುವಿನ ಶಿಬುಯಾ ನೋಡ್ತೀನಿ ಅಂದರೆ ರೈಲಿನ ಕಿಟಕಿಯನ್ನೇ ನೋಡಬೇಕು. ಆದರೆ ನರಿತಾ ಅನ್ನೋದು ಬರೀ ವಿಮಾನ ನಿಲ್ದಾಣದ ಹೆಸರಲ್ಲ, ಅಲ್ಲೊಂದು ಹಳೇ ಪೇಟೆ ಇದೆ. ಟರ್ಮಿನಲ್ ಕೆಳಗೆ ರೈಲು ಹತ್ತಿದರೆ 10 ನಿಮಿಷದಲ್ಲಿ ನರಿತಾ ಸ್ಟೇಷನ್.

ಸ್ಟೇಷನ್ನಿನಿಂದ ಹೊರಟರೆ ಒಮೊತೆಸಾಂದೊ ಅಂತ ಒಂದು ಬೀದಿ. ಮೊದಲರ್ಧ ಸಾಧಾರಣ ಪೇಟೆ ಬೀದಿಯೇ. ಆಮೇಲೆ ರಸ್ತೆ ಬಾಗುತ್ತಾ ಇಳಿಜಾರಾಗುತ್ತದೆ, ಎರಡೂ ಕಡೆ ಮರದ ಹಳೆಯ ಅಂಗಡಿಗಳು ಒತ್ತಿಕೊಂಡು ನಿಂತಿವೆ. ತಿರುವು ಮುಗಿಯುತ್ತಿದ್ದ ಹಾಗೆ ನರಿತಾಸಾನ್ ಶಿನ್ಶೋಜಿ ದೇವಾಲಯ. 940ರಲ್ಲಿ ಶುರುವಾದದ್ದು. ಒಳಬಾಗಿಲಲ್ಲಿ ತಲೆಯ ಮೇಲೆ ದೊಡ್ಡ ಕೆಂಪು ಲಾಟೀನು ತೂಗುತ್ತಿರುತ್ತದೆ, ಅದರಡಿ ಹಾದು ಕಡಿದಾದ ಕಲ್ಲುಮೆಟ್ಟಿಲು ಹತ್ತಬೇಕು. ಮೇಲೆ ಬಂದರೆ ಬಲಗಡೆ ಮೂರು ಅಂತಸ್ತಿನ ಪಗೋಡ. 1712ರದ್ದು. ಸೂರಿನ ಕೆಳಭಾಗಕ್ಕೆಲ್ಲ ಬಣ್ಣ ಬಳಿದು ಚಿತ್ತಾರ ಮಾಡಿದ್ದಾರೆ, ಕತ್ತೆತ್ತಿ ನೋಡದೆ ಹೋದರೆ ಗೊತ್ತೇ ಆಗಲ್ಲ. ದೊಡ್ಡ ಗುಡಿಯಲ್ಲಿ ದಿನಕ್ಕೆ ಹಲವು ಸಲ ‘ಗೊಮಾ’ ನಡೆಯುತ್ತದೆ. ನಮ್ಮ ಹೋಮವೇ ಅದು, ಬೌದ್ಧರ ಜೊತೆ ಅಲ್ಲಿಯವರೆಗೂ ಹೋಗಿದೆ. ಡೋಲು ಬಡಿಯೋಕೆ ಶುರು ಮಾಡಿದರೆ ಎದೆಯೊಳಗೆ ಕೇಳಿಸುತ್ತದೆ. ಹಿಂದುಗಡೆ ಕೊಳ ಇರುವ ದೊಡ್ಡ ಉದ್ಯಾನ, ಜನ ಕಡಿಮೆ.

ಇಷ್ಟೂ ಸೇರಿ ಮೂರು ಗಂಟೆ ಸಾಕು. ಓಟವಿಲ್ಲ, ಬೆವರಿಲ್ಲ.

ಕಿಟಕಿ ಸೀಟು
ನರಿತಾ ಒಳ್ಳೆ ಮಾತು. ದೊಡ್ಡ ಊರು ಬಿಟ್ಟು ನಿಲ್ದಾಣದ ಪಕ್ಕ ಏನಿದೆ ಅಂತ ಯಾರೂ ನೋಡಲ್ಲ. ಹೀಥ್ರೂನಲ್ಲೂ ಅಷ್ಟೇ. ವಿಂಡ್ಸರ್ ಕೋಟೆಗೆ ಟರ್ಮಿನಲ್ 5ರಿಂದ ಊರ ಬಸ್ಸೇ ಇದೆ. ಆದರೆ ಕೋಟೆಗೆ ಮಂಗಳವಾರ, ಬುಧವಾರ ಬಿಡುವುದಿಲ್ಲ.

ಹಾಂಗ್‌ಕಾಂಗ್ ಇನ್ನೊಂದು. ಊರಿಗೆ ಏರ್‌ಪೋರ್ಟ್ ಎಕ್ಸ್‌ಪ್ರೆಸ್‌ನಲ್ಲಿ 24 ನಿಮಿಷ, ಅದೂ ಸರಿಯೇ. ಆದರೆ ನಿಲ್ದಾಣ ಇರುವುದು ಲಾಂತಾವ್ ದ್ವೀಪದ ಮಗ್ಗುಲಲ್ಲಿ. ಪಕ್ಕದ ತುಂಗ್ ಚುಂಗ್‌ನಿಂದ ಕೇಬಲ್ ಕಾರ್ ಹತ್ತಿದರೆ 25 ನಿಮಿಷ, 5.7 ಕಿ.ಮೀ., ಗುಡ್ಡದ ಮೇಲೆ ಕಂಚಿನ ಬುದ್ಧ. ಕೆಳಗೆ ನಿಮ್ಮ ವಿಮಾನ ನಿಲ್ದಾಣದ ರನ್‌ವೇ ಕಾಣುತ್ತಿರುತ್ತದೆ. ಗಾಳಿ ಜೋರಾದರೆ ನಿಲ್ಲಿಸುತ್ತಾರೆ, ಹಾಗಾಗಿ ಹತ್ತುವ ಮೊದಲು ವಿಚಾರಿಸಿ. ಮೇಲೆ ಬುದ್ಧನ ಪಾದದವರೆಗೆ 268 ಮೆಟ್ಟಿಲು. ಹೊಸ ಚೀಲ ಅವರ ಅಮ್ಮ ಕೆಳಗಿಂದಲೇ ಕೈ ಮುಗಿದರೂ ನಡೆಯುತ್ತದೆ, ಅಷ್ಟು ದೊಡ್ಡ ಮೂರ್ತಿ.

ಎರಡು ಮಕ್ಕಳ ಅಮ್ಮ
ಸಿಂಗಪುರದ ಬಗ್ಗೆ ಯಾರೂ ಹೇಳಲಿಲ್ಲ ಅಲ್ವಾ? ಮಕ್ಕಳಿದ್ದರೆ ಅಲ್ಲಿನ ಚಾಂಗಿ ವಿಮಾನ ನಿಲ್ದಾಣದಷ್ಟು ಸುಲಭ ಇನ್ನೊಂದಿಲ್ಲ. ಚಿಟ್ಟೆ ತೋಟ, ಬಿಟ್ಟಿ ಸಿನಿಮಾ, ಆಟದ ಜಾಗ. ಆ ಒಳಾಂಗಣ ಜಲಪಾತವಂತೂ 40 ಮೀಟರ್. ಹೊರಗೆ ಹೋಗೋದೇ ಬೇಡ.

ಟಿಕೆಟ್ ಓದುವವ
ಮೇಡಂ, ಒಂದು ಸಣ್ಣ ತಿದ್ದುಪಡಿ. ಚಿಟ್ಟೆ ತೋಟ, ಸಿನಿಮಾ ಎಲ್ಲ ಟ್ರಾನ್ಸಿಟ್ ಭಾಗದಲ್ಲೇ ಇವೆ, ಸರಿ. ಆದರೆ ಜಲಪಾತ ಇರುವುದು ಪಕ್ಕದ ಜ್ಯುವೆಲ್ ಎಂಬ ಮಾಲ್‌ನಲ್ಲಿ, ಅದು ಇಮಿಗ್ರೇಷನ್ ಆಚೆ. ಅಲ್ಲಿಗೆ ಹೋಗುವುದು ಅಂದರೆ ಸಿಂಗಪುರ ದೇಶದೊಳಗೆ ಕಾಲಿಟ್ಟ ಹಾಗೆ. ಆ ದೇಶಕ್ಕೆ ಪ್ರವೇಶ ಇರಬೇಕು, ಎಸ್‌ಜಿ ಅರೈವಲ್ ಕಾರ್ಡ್ ಎಂಬ ಪ್ರವೇಶ ಫಾರಮನ್ನೂ ಆನ್‌ಲೈನ್‌ನಲ್ಲಿ ಮೊದಲೇ ತುಂಬಿರಬೇಕು. ಎಷ್ಟೋ ಜನ ಗಾಜಿನ ಗೋಡೆ ಈಚೆ ನಿಂತು ‘ಎಲ್ಲಿ ಜಲಪಾತ’ ಅಂತ ಹುಡುಕುತ್ತಾರೆ.

ಅಲ್ಲಿ ಇನ್ನೊಂದು ಒಳ್ಳೆ ವ್ಯವಸ್ಥೆ ಇದೆ. ಐದೂವರೆಯಿಂದ 24 ಗಂಟೆ ಒಳಗಿನ ಲೇಓವರ್ ಇದ್ದವರಿಗೆ ಬಿಟ್ಟಿ ಊರು ಸುತ್ತಿಸುವ ಬಸ್ಸು. ಸುಮಾರು ಎರಡೂವರೆ ಗಂಟೆ. ಸೀಟು ಸೀಮಿತ, ಮೊದಲೇ ಹೆಸರು ಬರೆಸಿ.

ರಾತ್ರಿಪಾಳಿ
ಇದೇ ಥರದ್ದು ಸೋಲ್‌ನ ಇಂಚಿಯಾನ್‌ನಲ್ಲೂ ಇದೆ. ಇಸ್ತಾಂಬುಲ್‌ನಲ್ಲೂ ಇದೆ, ಆದರೆ ಟರ್ಕಿಶ್ ಏರ್‌ಲೈನ್ಸ್‌ನಲ್ಲಿ ಬಂದವರಿಗೆ ಮಾತ್ರ. 6ರಿಂದ 24 ಗಂಟೆ ಲೇಓವರ್ ಇರಬೇಕು. ಹೆಸರು ‘ಟೂರಿಸ್ತಾಂಬುಲ್’. ಹೊಸ ಚೀಲ, ನಿಮ್ಮ ಟಿಕೆಟ್ ಅದೇ ಕಂಪನಿಯದ್ದಾ? ಆಗಿದ್ದರೆ ಮೆಟ್ರೊ ಬದಲಿಸುವ ತಲೆನೋವೇ ಇಲ್ಲ. ಬಸ್ಸಿನಲ್ಲಿ ಕರೆದುಕೊಂಡು ಹೋಗಿ ವಾಪಸ್ ತಂದುಬಿಡುತ್ತಾರೆ. ದಿನಕ್ಕೆ ಹಲವು ಹೊತ್ತಿನ ಟೂರ್ ಇವೆ. ನಿಮ್ಮ ವಿಮಾನಕ್ಕೆ ಯಾವುದು ಕೂಡಿಬರುತ್ತದೋ ನೋಡಿಕೊಳ್ಳಿ.

ಅಲೆಮಾರಿ
ಬಿಟ್ಟಿ ಟೂರ್ ಚೆನ್ನಾಗಿರುತ್ತದೆ, ಆದರೆ ಬಾವುಟ ಹಿಡಿದವರ ಹಿಂದೆ 40 ಜನ ಸಾಲಾಗಿ ನಡೆಯುವುದು ನನಗೆ ಆಗಿಬರಲ್ಲ. ಒಬ್ಬರೇ ಹೋದರೆ ಇಷ್ಟವಾದ ಕಡೆ ಕೂರಬಹುದು.

ನಿಧಾನಿ
ಅಲೆಮಾರಿ ಅವರೇ, ನಿಮ್ಮ ಮಂಡಿ ಇನ್ನೂ ಚೆನ್ನಾಗಿರಬೇಕು.

ನನಗೆ 70 ದಾಟಿದೆ. ವಯಸ್ಸಾದವರ ಕಷ್ಟ ಊರಲ್ಲಿ ನಡೆಯುವುದಲ್ಲ, ನಿಲ್ದಾಣದಲ್ಲಿ ನಡೆಯುವುದು. ವಿಮಾನದಿಂದ ಇಮಿಗ್ರೇಷನ್‌ವರೆಗೆ, ಸೆಕ್ಯುರಿಟಿಯಿಂದ ಗೇಟಿನವರೆಗೆ, ಅಲ್ಲೇ ಅರ್ಧ ಶಕ್ತಿ ಹೋಗುತ್ತದೆ. ಅದಕ್ಕೆ ವೀಲ್‌ಚೇರ್ ಸಹಾಯ ಕೇಳಿ. ನಡೆಯಲು ಬರುತ್ತದೆ ಅಂತ ಸಂಕೋಚ ಬೇಡ, ದೂರ ನಡೆಯಲಾಗದವರಿಗೂ ಅದು ಇರುವುದೇ. ಟಿಕೆಟ್ ಮಾಡುವಾಗಲೇ ಹೇಳಬೇಕು. ಎರಡು ದಿನ ಮೊದಲಾದರೂ ಹೇಳಿ. ಇನ್ನೊಂದು ವಿಷಯ, ಲೇಓವರ್‌ನಲ್ಲಿ ಹೊರಗೆ ಹೋಗುತ್ತೀರಿ ಅಂತ ಕರೆದೊಯ್ಯುವವರಿಗೆ ಇಳಿದ ಕೂಡಲೇ ತಿಳಿಸಿ. ಇಲ್ಲದಿದ್ದರೆ ಅವರು ನಿಮ್ಮನ್ನು ನೇರ ಮುಂದಿನ ವಿಮಾನದ ಕಾಯುವ ಜಾಗಕ್ಕೆ ಕರೆದುಕೊಂಡು ಹೋಗಿ ಕೂರಿಸುತ್ತಾರೆ. ನನಗೆ ಹಾಗೆ ಆಗಿದೆ. ಅಲ್ಲಿಂದ ಎದ್ದು ಬರೋಕೆ ಮುಕ್ಕಾಲು ಗಂಟೆ ಬೇಕಾಯಿತು.

ಔಷಧಿ ಎಲ್ಲ ಕೈಚೀಲದಲ್ಲೇ ಇರಲಿ, ಡಾಕ್ಟರ್ ಚೀಟಿ ಸಮೇತ. ದೊಡ್ಡ ಲಗೇಜ್ ಟೊರೊಂಟೊದಲ್ಲಿ ಮಾತ್ರ ಸಿಗುತ್ತದೆ. ಕೆಲವು ದೇಶಗಳಲ್ಲಿ ಸಾಮಾನ್ಯ ಕೆಮ್ಮು ನೆಗಡಿ ಮಾತ್ರೆಗೂ ನಿರ್ಬಂಧ ಇದೆ. ಜಪಾನ್ ಅಂಥದ್ದೊಂದು. ಒಳಗೇ ಇದ್ದರೂ, ಇಮಿಗ್ರೇಷನ್ ದಾಟಿದರೂ ಆ ದೇಶದ ಕಾನೂನು ನಿಮಗೂ ಅನ್ವಯ.

ಗುಬ್ಬಿ
ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನನಗೆ ನ್ಯೂಯಾರ್ಕ್ ಜೆಎಫ್‌ಕೆಯಲ್ಲಿ 8 ಗಂಟೆ. ಮುಂದೆ ಮೆಕ್ಸಿಕೊಗೆ. ಸುಮ್ನೆ ಒಳಗೇ ಕೂತಿದ್ದರೆ ವೀಸಾ ಬೇಡ ಅಲ್ವಾ?

ಟಿಕೆಟ್ ಓದುವವ
ಬೇಕು. ಅಮೆರಿಕದಲ್ಲಿ ‘ಒಳಗೇ ಕೂರುವುದು’ ಅನ್ನೋದೇ ಇಲ್ಲ. ಹೊರದೇಶದಿಂದ ಬಂದ ಪ್ರತಿಯೊಬ್ಬರೂ, ಮುಂದೆ ಇನ್ನೊಂದು ದೇಶಕ್ಕೆ ಹೋಗುವವರಾದರೂ, ಇಮಿಗ್ರೇಷನ್ ದಾಟಲೇಬೇಕು. ಸಾಮಾನ್ಯವಾಗಿ ಲಗೇಜೂ ತೆಗೆದುಕೊಂಡು ಮತ್ತೆ ಕೊಡಬೇಕು. ನಿಮ್ಮ ಪಾಸ್‌ಪೋರ್ಟ್‌ಗೆ ವೀಸಾ ವಿನಾಯಿತಿ ಇದ್ದರೆ ಎಸ್ಟಾ ಎಂಬ ಆನ್‌ಲೈನ್ ಅನುಮತಿ, ಇಲ್ಲದಿದ್ದರೆ ವೀಸಾ. ಹೇಗಿದ್ದರೂ ದಾಟುತ್ತೀರಿ, ಹಾಗಾಗಿ ಊರು ನೋಡಲು ಅಡ್ಡಿ ಹೊತ್ತೊಂದೇ.

ಯುರೋಪಿನಲ್ಲಿ ತಮ್ಮೊಳಗೆ ಗಡಿ ತಪಾಸಣೆ ಇಲ್ಲದ ಷೆಂಗೆನ್ ದೇಶಗಳದ್ದು ಇನ್ನೊಂದು ತರಹ. ಹೊರಗಿನಿಂದ ಬಂದು ಫ್ರಾಂಕ್‌ಫರ್ಟ್‌ನಲ್ಲಿ ವಿಮಾನ ಬದಲಿಸಿ ರೋಮ್‌ಗೆ ಹೋಗುವವರು ಫ್ರಾಂಕ್‌ಫರ್ಟ್‌ನಲ್ಲೇ ಇಮಿಗ್ರೇಷನ್ ಮುಗಿಸುತ್ತಾರೆ. ರೋಮ್‌ನದು ಒಳನಾಡಿನ ವಿಮಾನ ಇದ್ದ ಹಾಗೆ. ಟೊರೊಂಟೊಗೆ ಹೋಗುವವರು ದಾಟಬೇಕಿಲ್ಲ. ಆದರೆ ಕೆಲವರಿಗೆ ಕೊಡುವ ಏರ್‌ಪೋರ್ಟ್ ಟ್ರಾನ್ಸಿಟ್ ವೀಸಾ ಇಟ್ಟುಕೊಂಡು ಊರಿಗೆ ಹೋಗಲು ಬರುವುದಿಲ್ಲ. 2025ರ ಅಕ್ಟೋಬರ್ 12ರಿಂದ ಅಲ್ಲಿ ಹೊರಗಿನವರ ಬೆರಳಚ್ಚು, ಮುಖದ ಫೋಟೊ ತೆಗೆಯುವ ಹೊಸ ವ್ಯವಸ್ಥೆ ಶುರುವಾಗಿದೆ. ಮೊದಲ ಸಲ ಹೋಗುವವರು ಸಾಲಿಗೆ ಇನ್ನಷ್ಟು ಹೊತ್ತು ಸೇರಿಸಿಕೊಳ್ಳಿ.

ಗುಬ್ಬಿ
ಅಯ್ಯೋ, ಒಳ್ಳೇದಾಯ್ತು ಕೇಳಿದ್ದು. ವೀಸಾ ಇದೆ, ಬೇಡ ಅಂದುಕೊಂಡು ಹಳೇ ಪಾಸ್‌ಪೋರ್ಟ್ ಮನೆಯಲ್ಲೇ ಬಿಡೋದರಲ್ಲಿದ್ದೆ. ವೀಸಾ ಅಂಟಿಸಿರೋದು ಅದರಲ್ಲೇ!

ಅಲೆಮಾರಿ
ಗುಬ್ಬಿ, 8 ಗಂಟೆಯಲ್ಲಿ ಮ್ಯಾನ್‌ಹಟನ್‌ಗೆ ಹೋಗಿಬರೋದು ಆಗುತ್ತದೆ, ಆದರೆ ಇಮಿಗ್ರೇಷನ್ ಸಾಲು ಹೇಗಿದೆ ಅನ್ನೋದರ ಮೇಲೆ. ಅಲ್ಲಿ ಎರಡು ಗಂಟೆ ಹೋದರೆ ಊರು ಬಿಡಿ. ಬದಲಿಗೆ ಟರ್ಮಿನಲ್ 5ರ ಪಕ್ಕದ ಟಿಡಬ್ಲ್ಯುಎ ಹೋಟೆಲ್‌ಗೆ ಹೋಗಿ. 1962ರಲ್ಲಿ ಈರೋ ಸಾರಿನೆನ್ ಎಂಬ ವಾಸ್ತುಶಿಲ್ಪಿಯ ವಿನ್ಯಾಸದಲ್ಲಿ ಟರ್ಮಿನಲ್ ಆಗಿ ಎದ್ದ ಕಟ್ಟಡ, ರೆಕ್ಕೆ ಬಿಚ್ಚಿದ ಹಕ್ಕಿಯ ಹಾಗಿದೆ. 2019ರಲ್ಲಿ ಹೋಟೆಲ್ ಆಯಿತು. ಲಾಬಿಯಲ್ಲಿ ಕೂರೋಕೆ ರೂಮ್ ಬೇಕಿಲ್ಲ.

ಎರಡು ಮಕ್ಕಳ ಅಮ್ಮ
ಹೊರಗೆ ಹೋಗಿ ಬರುವವರು ಒಂದು ನೆನಪಿಡಿ. ವಾಪಸ್ ಬರುವಾಗ ಸೆಕ್ಯುರಿಟಿ ಮತ್ತೆ ಮೊದಲಿಂದ. ಮೊದಲ ನಿಲ್ದಾಣದಲ್ಲಿ ಡ್ಯೂಟಿ ಫ್ರೀ ಅತ್ತರು, ಬಾಟಲಿ ಏನಾದರೂ ಕೊಂಡು ಆ ಮೊಹರಿನ ಚೀಲ ಒಡೆದಿದ್ದರೆ 100 ಮಿ.ಲೀ. ಮೇಲಿನದನ್ನು ಹೆಚ್ಚಿನ ಕಡೆ ಅಲ್ಲೇ ತೆಗೆದಿಡಿಸುತ್ತಾರೆ. ಕೊಳ್ಳೋದಿದ್ದರೆ ಕೊನೆಯ ನಿಲ್ದಾಣದಲ್ಲಿ ಕೊಳ್ಳಿ. ಕೈಚೀಲಗಳನ್ನು ಲಗೇಜ್ ಲಾಕರ್‌ನಲ್ಲಿಟ್ಟು ಹೋಗಿ, ಕೌಂಟರ್ ಎಷ್ಟೊತ್ತಿಗೆ ಮುಚ್ಚುತ್ತದೆ ಅಂತ ಕೇಳಿಕೊಂಡೇ ಇಡಿ.

ರಾತ್ರಿಪಾಳಿ
ಮಲಗುವವರಿಗೂ ಒಂದು ಮಾತು. ಗೇಟ್ ಬದಲಾಗುತ್ತದೆ. ಮಲಗುವ ಮೊದಲು ಗೇಟ್ ನೋಡಿದೆ ಅಂತ ಎದ್ದವರು ನೇರ ಅಲ್ಲಿಗೇ ಹೋಗಬೇಡಿ, ಬೋರ್ಡ್ ಇನ್ನೊಮ್ಮೆ ನೋಡಿ. ಮತ್ತೆ ಫೋನು ಸ್ಥಳೀಯ ಸಮಯಕ್ಕೆ ಬದಲಾಗಿದೆಯಾ ನೋಡಿ ಅಲಾರಂ ಇಡಿ. ಏರೋಪ್ಲೇನ್ ಮೋಡ್‌ನಲ್ಲಿದ್ದರೆ ಹಳೆ ಊರಿನ ಸಮಯವೇ ಇರುತ್ತದೆ.

ಇನ್ನೊಂದು. ಕೆಲವು ವಿಮಾನ ಕಂಪನಿಗಳು ಲೇಓವರ್ ತುಂಬ ಉದ್ದವಾಗಿದ್ದು, ಅದಕ್ಕಿಂತ ಚಿಕ್ಕ ಕೊಂಡಿ ಇರದಿದ್ದರೆ ತಾವೇ ಹೋಟೆಲ್ ಕೊಡುತ್ತವೆ. ಕೇಳದೆ ಕೊಡುವುದು ಕಡಿಮೆ. ಟಿಕೆಟ್ ಕೊಳ್ಳುವಾಗಲೇ ಕೇಳಿ, ಇಳಿದ ಮೇಲೆ ಕೇಳಿದರೆ ‘ಮೊದಲೇ ಬುಕ್ ಮಾಡಬೇಕಿತ್ತು’ ಅಂತಾರೆ.

ಹೊಸ ಚೀಲ
ಎಲ್ಲರಿಗೂ ಥ್ಯಾಂಕ್ಸ್. ಇಸ್ತಾಂಬುಲ್ ಅಂತ ತೀರ್ಮಾನ ಮಾಡಿದೆವು, ಟರ್ಕಿಶ್ ಏರ್‌ಲೈನ್ಸೇ. ಆದರೆ ಅಮ್ಮ ಗುಂಪಿನ ಟೂರ್ ಬೇಡ ಅಂದರು, ನಿಧಾನಕ್ಕೆ ನೋಡೋಣ ಅಂತ. ಮಂಗಳವಾರ ಇಳಿಯುತ್ತೇವೆ. ಸುಲ್ತಾನಹ್ಮೆತ್‌ನಲ್ಲಿ ಮೆಟ್ಟಿಲು ಕಡಿಮೆ ಇರುವುದು ಯಾವುದು? ತೊಪ್ಕಪಿ ಅರಮನೆ ಆಗುತ್ತದಾ?

ಕಿಟಕಿ ಸೀಟು
ಮಂಗಳವಾರ ತೊಪ್ಕಪಿಗೆ ರಜೆ. ಚಿಂತೆ ಬೇಡ, ಅದು ಹೇಗೂ ಮೂರೂವರೆ ಗಂಟೆಗೆ ಹಿಡಿಸುವ ಜಾಗವಲ್ಲ.

ಸಿಸ್ಟರ್ನ್‌ಗೆ ನೆಲದಡಿ ಇಳಿಯಬೇಕು, ಮೆಟ್ಟಿಲಿವೆ. ಹಾಗಿಯಾ ಸೋಫಿಯಾದಲ್ಲಿ ಈಗ ಪ್ರವಾಸಿಗಳಿಗೆ ಬೇರೆ ಬಾಗಿಲು, ಟಿಕೆಟ್ ತೆಗೆದುಕೊಂಡು ಮೇಲಿನ ಗ್ಯಾಲರಿಗೆ ಹತ್ತಬೇಕು. ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ. ನಾನಾದರೆ ಹಾಗಿಯಾ ಸೋಫಿಯಾ. 537ರ ಕಟ್ಟಡ, ಆ ಗುಮ್ಮಟವನ್ನು ಒಂದು ಸಲ ಕಣ್ಣಾರೆ ನೋಡಬೇಕು. ಬಾಗಿಲು ತೆಗೆಯುವ ಹೊತ್ತಿಗೇ ಹೋದರೆ ಸಾಲು ಕಡಿಮೆ. ನೀಲಿ ಮಸೀದಿಯನ್ನು ನಮಾಜಿನ ಹೊತ್ತಿನಲ್ಲಿ ಪ್ರವಾಸಿಗಳಿಗೆ ಮುಚ್ಚುತ್ತಾರೆ, ಹಾಗಾಗಿ ಬೆಳಿಗ್ಗೆಯೇ ಮುಗಿಸಿ. ತಲೆಗೆ ಹೊದೆಯಲು ಅಮ್ಮನ ಹತ್ತಿರ ಒಂದು ಶಾಲು ಇರಲಿ.

ಮಿಕ್ಕ ಹೊತ್ತಿಗೆ ಹಿಪ್ಪೊಡ್ರೋಮ್ ಚೌಕ. ಸಮತಟ್ಟು, ಬೆಂಚುಗಳಿವೆ. ನಡುವೆ ನಿಂತಿರುವ ಕಲ್ಲಿನ ಕಂಬ ಈಜಿಪ್ಟಿನದ್ದು, ಫೇರೋ ಮೂರನೇ ಥುತ್ಮೋಸ್‌ನ ಕಾಲದ್ದು. 390ರಲ್ಲಿ ಅಲ್ಲಿ ನಿಲ್ಲಿಸಿದ್ದಾರೆ. ಬೆಂಚಿನ ಮೇಲೆ ಕೂತೇ ನೋಡಬಹುದು.

ನಿಧಾನಿ
ವಾಪಸ್ ಹೋಗುವಾಗ ಸುಲ್ತಾನಹ್ಮೆತ್ ಟ್ರಾಮ್‌ನಲ್ಲಿ ಜನ ತುಂಬಿರುತ್ತಾರೆ. ಸೀಟಿಗಾಗಿ ಕಾಯಬೇಡಿ, ಬಂದದ್ದನ್ನು ಹತ್ತಿ. ಎರಡೇ ನಿಮಿಷ ನಿಂತರೂ ಕಷ್ಟ ಅನ್ನಿಸಿದರೆ ಅಲ್ಲಿಂದ ವೆಜ್ನೆಜಿಲೆರ್ ಮೆಟ್ರೊವರೆಗೆ ಮಾತ್ರ ಟ್ಯಾಕ್ಸಿ ಮಾಡಿಕೊಳ್ಳಿ. ವಿಮಾನ ನಿಲ್ದಾಣದವರೆಗೆ ಟ್ಯಾಕ್ಸಿ ಬೇಡ, ಆ ಟ್ರಾಫಿಕ್ ನಂಬೋಕಾಗಲ್ಲ.